ಕಾಲಿಗೆ ಬುದ್ಧಿ

ಕೋಟ್ಕಾ ಬಂದರಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಕ್ರೇನಿನ ನೆತ್ತಿಯ ಗಾಜಿನ ಗೂಡಲ್ಲಿ ಕೂತವಳು ನಾನು.
ಕಾಗದದ ಉರುಳೆ, ಒಂದೊಂದೂ ಎರಡು ಕುದುರೆ ತೂಕ,
ಹಡಗಿನ ಹೊಟ್ಟೆಗೆ ಇಳಿಸುತ್ತಿದ್ದೆ
ತೊಟ್ಟಿಲಿಗೆ ಕೂಸನ್ನು ಇಳಿಸಿದ ಹಾಗೆ.
ಕೆಳಗಿನವರು ಅನ್ನುತ್ತಿದ್ದರು:
ಹಿಲ್ಕಾಳ ಕೈ ನಡುಗಿದ್ದನ್ನು ಕಂಡವರಿಲ್ಲ.

ನಿವೃತ್ತಿಯಾದ ಮೇಲೆ ಕಾಲು ಶುರುವಿಟ್ಟಿತು.
ನೋವಲ್ಲ. ತುರಿಕೆಯೂ ಅಲ್ಲ.
ಮೂಳೆಯೊಳಗೆ ಯಾರೋ ಸೋಡಾ ಬಾಟಲಿ ಕುಲುಕಿ
ಮುಚ್ಚಳ ತೆಗೆಯದೆ ಬಿಟ್ಟ ಹಾಗೆ.
ರಾತ್ರಿಯೆಲ್ಲ ಅಡುಗೆಮನೆಗೂ ಬಾಗಿಲಿಗೂ ನಡೆದು ನಡೆದು
ಲಿನೋಲಿಯಂ ಮೇಲೆ ಕಾಲುದಾರಿಯೇ ಬಿದ್ದಿತ್ತು.

ಡಾಕ್ಟರು ಬರೆದುಕೊಟ್ಟ ಗುಳಿಗೆ
ಸಾಸಿವೆಗಿಂತ ದೊಡ್ಡದು, ಬೇಳೆಗಿಂತ ಚಿಕ್ಕದು,
ಬಿಳಿ, ನಡುವೆ ಒಂದು ಗೀರು.
ಮೂರನೇ ರಾತ್ರಿ ಅದು ಕಾಲಿಗೆ ಬುದ್ಧಿ ಹೇಳಿತು,
ಓಡಲಿಕ್ಕಲ್ಲ, ನಿಲ್ಲಲಿಕ್ಕೆ.
ಬೆಳಿಗ್ಗೆ ಹತ್ತಕ್ಕೆ ಎದ್ದು ಖುಷಿಗೆ ಅತ್ತುಬಿಟ್ಟೆ.

ಕಾಲು ಮಲಗಿತು. ಕೈ ಎದ್ದಿತು.
ಈಗ ಒಂದೇ ಸಾಲಿನಲ್ಲಿ ಹೇಳುತ್ತೇನೆ;
ಆಗ ಗೊತ್ತಾಗಲು ಎರಡು ಚಳಿಗಾಲ ಬೇಕಾಯಿತು.

ನಮ್ಮ ದಿನಸಿ ಅಂಗಡಿಯಲ್ಲಿ
ದುಡ್ಡು ಕಟ್ಟುವ ಜಾಗದಾಚೆ ಮೂರು ಜೂಜಿನ ಯಂತ್ರ.
ಮೂವತ್ತು ವರ್ಷ ಅವುಗಳ ಮುಂದೆ ಹಾದಿದ್ದೆ,
ಛತ್ರಿ ತೂಗುಹಾಕುವ ಕಂಬದ ಮುಂದೆ ಹಾದಂತೆ.
ಖಾಲಿ ಬಾಟಲಿ ಮರಳಿಸಿ ಬಂದ ಎರಡು ಯೂರೋ
ಒಂದು ಮಂಗಳವಾರ ಅಲ್ಲಿ ಹಾಕಿದೆ.
ಚೆರಿ, ಚೆರಿ, ಕಲ್ಲಂಗಡಿ.
ಏನೂ ಬರಲಿಲ್ಲ. ಬರಬಹುದಿತ್ತು ಅನ್ನುವುದೇ ಸಿಹಿಯಾಗಿತ್ತು.

ಆಮೇಲೆ ಬಂದರಿನ ಕಸದ ತೊಟ್ಟಿಗಳಲ್ಲಿ ಬಾಟಲಿ ಹುಡುಕಿದೆ,
ನಸುಕಿನಲ್ಲಿ, ಟೋಪಿ ಕೆಳಗೆಳೆದು,
ನನ್ನಿಂದ ಕೆಲಸ ಕಲಿತ ಹುಡುಗರ ಕಣ್ಣು ತಪ್ಪಿಸಿ.
ಹಾಲಿಗೆ ಹೋಗಿ ಹಾಲಿಲ್ಲದೆ ಬಂದೆ, ಮತ್ತೆ ಹೋದೆ.
ದಿನಕ್ಕೆ ನಾಲ್ಕು ಸಲ ಹಾಲು ಮುಗಿಯುತ್ತಿತ್ತು ನಮ್ಮ ಮನೆಯಲ್ಲಿ.
ಇದ್ದವಳು ನಾನೊಬ್ಬಳೇ.

ತೈಸ್ತೋನ ಗೋರಿಕಲ್ಲಿಗೆಂದು ಇಟ್ಟ ದುಡ್ಡು,
ಬೂದು ಗ್ರಾನೈಟ್, ಅಕ್ಷರವೂ ಆರಿಸಿಯಾಗಿತ್ತು,
ಹೋಯಿತು.
ಕೈಕೊಟ್ಟರು ಅನ್ನುತ್ತಾರಲ್ಲ, ಯಾರು ಯಾರನ್ನೋ.
ನನಗೆ ಕೈಯೇ ಕೈಕೊಟ್ಟಿತು.

ತಂಗಿ ಸೈಮಿ ಚರ್ಚಿನವಳು, ಸೈತಾನ ಅಂದಳು.
ಎದುರುಮನೆಯವನು ವಯಸ್ಸು ಅಂದ.
ನಾನು ನನ್ನ ಹೆಸರನ್ನೇ ಹೇಳಿಕೊಂಡೆ:
ಇಷ್ಟು ವರ್ಷ ಗಾಜಿನ ಗೂಡಲ್ಲಿ ಅಡಗಿದ್ದವಳು ಇವಳೇ.

ಕೊನೆಗೆ ಔಷಧಿ ಅಂಗಡಿಯ ಹೊಸ ಹುಡುಗಿ
ಡಬ್ಬಿ ಕೊಡುತ್ತ, ಕೆನ್ನೆ ಕೆಂಪಾಗಿ, ಕೇಳಿದಳು:
"ಕೊಳ್ಳುವುದು, ತಿನ್ನುವುದು, ಜೂಜು,
ಇತ್ತೀಚೆಗೆ ಏನಾದರೂ ಹೆಚ್ಚಾಗಿದೆಯಾ?"
ನಾನು ಕೌಂಟರಿನ ಅಂಚು ಹಿಡಿದುಕೊಂಡೆ.

ಮನೆಗೆ ಬಂದು ಡಬ್ಬಿಯೊಳಗಿನ ಚೀಟಿ ಬಿಡಿಸಿದೆ.
ಹದಿನಾರು ಮಡಿಕೆ. ಒಂದು ಮಗ್ಗುಲು ಫಿನ್ನಿಷ್, ಇನ್ನೊಂದು ಸ್ವೀಡಿಷ್.
ಮಲಬದ್ಧತೆಗೂ ಮಂಪರಿಗೂ ನಡುವೆ
ಇರುವೆ ಸಾಲಿನಂಥ ಅಕ್ಷರದಲ್ಲಿ ನನ್ನ ಎರಡು ಚಳಿಗಾಲ.
ಎರಡೂ ಭಾಷೆಯಲ್ಲಿ ಓದಿದೆ.
ಸ್ವೀಡಿಷ್‌ನಲ್ಲಿ ಕೊಂಚ ಮೆತ್ತಗಿತ್ತು.

ಗುಳಿಗೆ ನಿಧಾನಕ್ಕೆ ಇಳಿಸಿದರು: ಮುಕ್ಕಾಲು, ಅರ್ಧ, ಕಾಲು.
ಕಾಲಿಗೆ ಬರುವಷ್ಟರಲ್ಲಿ ಕಾಲಿಗೆ ಸುಳಿವು ಸಿಕ್ಕಿತ್ತು.
ಒಂದು ದಿನ ಹಾಲಿಗೆ ಹೋಗಿ ಹಾಲು ತಂದೆ.
ಯಂತ್ರಗಳು ಮತ್ತೆ ಛತ್ರಿಕಂಬಗಳಾಗಿದ್ದವು,
ಹೆಚ್ಚುಕಮ್ಮಿ.

"ತಪ್ಪು ಗುಳಿಗೆಯದು, ನಿಮ್ಮದಲ್ಲ" ಅಂದರು ಡಾಕ್ಟರು.
ಸಮಾಧಾನವಾಗಬೇಕಿತ್ತು.
ಆದರೆ ಗುಂಡಿ ಒತ್ತಿದ ಕೈ ನನ್ನದಲ್ಲವಾದರೆ
ಉರುಳೆ ಇಳಿಸಿದ ಆ ಹದ ಯಾರದು?
ಅದೂ ರಕ್ತದಲ್ಲಿ ಯಾವುದೋ ರಸ
ಚಿಟಿಕೆ ಹೆಚ್ಚೋ ಚಿಟಿಕೆ ಕಡಿಮೆಯೋ ಆಗಿದ್ದಷ್ಟೇನಾ?
ಅವರು ಗಡಿಯಾರ ನೋಡಿದರು.

ಈಗ ಕಾಲು ಮತ್ತೆ ಎದ್ದಿದೆ. ರಾತ್ರಿ ಎರಡೂವರೆ.
ಬೂಟು ಹಾಕಿ ಹೊರಡುತ್ತೇನೆ, ಹಿಮದ ಮೇಲೆ ಕರಕರ,
ಅಂಗಡಿಯ ಕತ್ತಲ ಗಾಜು ದಾಟಿ, ಬಂದರಿನ ಬೇಲಿ ದಾಟಿ.
ಮೇಲೆ ಕ್ರೇನಿನಲ್ಲಿ ದೀಪ;
ಯಾರೋ ಹೊಸಬರು ಇಳಿಸುತ್ತಿದ್ದಾರೆ, ತುಸು ಒರಟು.
ತೈಸ್ತೋನ ತಲೆದೆಸೆಯಲ್ಲಿ ಇನ್ನೂ ಮರದ ಹಲಗೆ.
ಕೈಗವಸು ತೆಗೆದು ಅದರ ಮೇಲಿನ ಹಿಮ ಒರೆಸುತ್ತೇನೆ.
ಕಾಲು ಒಂದೇ ಸಮನೆ ಕುಣಿಯುತ್ತದೆ, ನಿಲ್ಲಗೊಡದು.
ಇರಲಿ ಬಾ, ಅನ್ನುತ್ತೇನೆ ಅದಕ್ಕೆ,
ನೀನು ಕಾಸು ಕೇಳುವುದಿಲ್ಲ.